ತೂಕದ ಶೆಡ್ಡಿನಲ್ಲಿ ಹುಟ್ಟಿದ ಅರವತ್ತೊಂದು ಮಕ್ಕಳು

ಜನವರಿ ೮

ಮಗಳೇ,

ನಾವೆಲ್ಲ ಬದುಕಿದ್ದೇವೆ. ಇದನ್ನು ಮೊದಲೇ ಯಾಕೆ ಬರೆಯುತ್ತಿದ್ದೇನೆ ಅಂದರೆ, ಸರ್ಕಾರದ ಲೆಕ್ಕದಲ್ಲಿ ನಾವು ಇಲ್ಲ.

ಹೋದ ಸೋಮವಾರ ಬಂದರು ಇಲಾಖೆಯ ಜೀಪು ಬಂತು. ನಾಲ್ಕು ಜನ ಇಳಿದು, ಬಲೆ ಒಣಗಿಸುವ ಜಾಗದಿಂದ ನಮ್ಮ ಹಿತ್ತಲವರೆಗೆ ಕಬ್ಬಿಣದ ಗೂಟ ಹೊಡೆದರು. ಒಂದು ಗೂಟ ನಮ್ಮ ಬಚ್ಚಲಿನೊಳಗೇ ನಿಂತಿದೆ. ನಾನೀಗ ಅದಕ್ಕೆ ಟವೆಲ್ ನೇತುಹಾಕುತ್ತೇನೆ. ಐಸ್ ಗೋಡೌನಿನ ಗೋಡೆಗೆ ನೋಟೀಸು ಅಂಟಿಸಿದ್ದಾರೆ. ಇದು ಜನವಸತಿ ಇಲ್ಲದ ಖಾಲಿ ಮರಳು ಜಾಗವಂತೆ. ಇಲ್ಲಿ ಹಡಗಿನ ಸರಕು ಇಳಿಸುವ ಕಟ್ಟೆ ಬರುತ್ತದಂತೆ.

ದೋಣಿ ಕಟ್ಟುವ ಉಳಿ ತಾತ ಹೋಗಿ ಕೇಳಿದ: "ಸ್ವಾಮಿ, ಖಾಲಿ ಅಂದ್ರಲ್ಲ, ಹಾಗಾದ್ರೆ ಈಗ ನಿಮ್ ಜೊತೆ ಮಾತಾಡ್ತಿರೋದು ಯಾರು?"

"ತಾತ, ನೀವು ಇದ್ದೀರಿ. ನಿಮ್ಮೂರು ಇಲ್ಲ," ಅಂದ ಅದರಲ್ಲೊಬ್ಬ.

ಗೊಣಗಜ್ಜಿ ಬಿಡುತ್ತಾಳೆಯೇ? "ಕಾಗೆಗೂ ಒಂದು ಗೂಡಿರತ್ತೆ ಕಣಯ್ಯ. ನಾವೇನು ಐವತ್ತು ವರ್ಷದಿಂದ ಗಾಳೀಲಿ ನೇತಾಡ್ತಿದ್ವಾ?" ಅಂದಳು.

ಅವರಲ್ಲಿ ಚಿಕ್ಕವನೊಬ್ಬ ಒಳ್ಳೆಯವನು. ಹೊರಡುವಾಗ ನನ್ನ ಪಕ್ಕ ಬಂದು ಮೆಲ್ಲಗೆ ಹೇಳಿದ. ಮೇ ಇಪ್ಪತ್ತೆಂಟಕ್ಕೆ ಪೇಟೆಯ ಕಚೇರಿಯಲ್ಲಿ ವಿಚಾರಣೆ ಇದೆಯಂತೆ. ಮೂವತ್ತು ವರ್ಷದಿಂದ ಇಲ್ಲಿ ಜನ ಇದ್ದಾರೆ ಅಂತ ಕಾಗದದಲ್ಲಿ ತೋರಿಸಿದರೆ ಗೂಟ ಕೀಳುತ್ತಾರಂತೆ. ಇಲ್ಲದಿದ್ದರೆ ಮಳೆಗಾಲ ಮುಗಿದ ಮೇಲೆ ಯಂತ್ರ ಬರುತ್ತದೆ. ಹದಿನಾಲ್ಕು ಮನೆಗೆ ಒಂದು ದಿನ ಸಾಕಂತೆ ಅದಕ್ಕೆ.

ನೀನು ನಕ್ಷೆ ಕಚೇರಿಯಲ್ಲಿ ಕೆಲಸ ಮಾಡುವವಳು. ಕಚೇರಿಯ ಭಾಷೆ ನಿನಗೆ ಗೊತ್ತು. ನಮ್ಮ ದಡದ ಚರಿತ್ರೆಯನ್ನು ಅವರಿಗೆ ತಿಳಿಯುವ ಹಾಗೆ ಬರೆದುಕೊಡು.

ನೀನು ಬಂದು ನಾಲ್ಕು ವರ್ಷವಾಯಿತು. ಅದನ್ನು ಕೇಳಲು ಬರೆದ ಪತ್ರ ಇದಲ್ಲ.

ನಿನ್ನ ಅವ್ವ

•

ಜನವರಿ ೩೦

ಅವ್ವ,

ಪತ್ರ ಕಚೇರಿಗೆ ಬಂತು. ಇನ್ನು ಮೇಲೆ ಕೆಳಗೆ ಬರೆದಿರುವ ನನ್ನ ರೂಮಿನ ವಿಳಾಸಕ್ಕೆ ಹಾಕು.

ಚರಿತ್ರೆ ಬರೆಯುತ್ತೇನೆ. ಆದರೆ "ಬಹಳ ಹಿಂದೆ", "ಆ ಕಾಲದಲ್ಲಿ" ಅಂತೆಲ್ಲ ಬರೆದರೆ ಕಚೇರಿಯಲ್ಲಿ ಓದುವುದಿಲ್ಲ. ಯಾರು ಮೊದಲು ಬಂದರು, ಯಾವ ವರ್ಷ, ಯಾಕೆ ಬಂದರು, ಎಷ್ಟು ಮನೆ ಇದ್ದವು, ಬಾವಿ ಯಾವಾಗ ತೋಡಿದರು, ಇದೆಲ್ಲ ಬೇಕು. ತಾತನನ್ನೂ ಅಜ್ಜಿಯನ್ನೂ ಬೇರೆ ಬೇರೆ ಕೂರಿಸಿ ಕೇಳು. ಒಟ್ಟಿಗೆ ಕೇಳಿದರೆ ಜಗಳವಾಗುತ್ತದೆ.

ನಕ್ಷೆ ತೆಗೆದು ನೋಡಿದೆ. ನಮ್ಮ ದಡದ ಜಾಗದಲ್ಲಿ ಬರೀ ಚುಕ್ಕೆಗಳಿವೆ. ಚುಕ್ಕೆ ಅಂದರೆ ಮರಳು.

ನನಗಿಲ್ಲಿ ಕೆಲಸ ಹೆಚ್ಚು. ಬಡ್ತಿಯ ಪಟ್ಟಿ ಏಪ್ರಿಲ್‌ನಲ್ಲಿ ಬರುತ್ತದೆ.

ಇಷ್ಟೇ,
ನಿನ್ನ ಮಗಳು

•

ಫೆಬ್ರವರಿ ೧೯

ಮಗಳೇ,

ಬೇರೆ ಬೇರೆ ಕೂರಿಸಿದೆ. ಆದರೂ ಜಗಳವಾಯಿತು. ತಾತ ಒಳಗೆ ಹೇಳುತ್ತಿದ್ದರೆ ಅಜ್ಜಿ ಕಿಟಕಿಯ ಹೊರಗಿನಿಂದ "ಸುಳ್ಳು! ಸುಳ್ಳು!" ಅನ್ನುತ್ತಿದ್ದಳು. "ಅತ್ತಿಗೆ, ನಾನಿನ್ನೂ ಬಾಯೇ ತೆಗೆದಿಲ್ಲ" ಅಂದ ತಾತ. "ತೆಗೆದ ಮೇಲೆ ಹೇಳೋದ್ಯಾಕೆ, ಮೊದಲೇ ಹೇಳಿದ್ರೆ ನಿಂಗೂ ಶ್ರಮ ಉಳಿಯತ್ತೆ" ಅಂದಳು.

ಇಬ್ಬರೂ ಒಪ್ಪಿದ್ದನ್ನು ಬರೆಯುತ್ತೇನೆ.

ಐವತ್ತೆರಡು ವರ್ಷದ ಹಿಂದೆ ಮೂರು ಮನೆಯವರು ಪೇಟೆ ಬಿಟ್ಟು ಬಂದರು. ಯಾಕೆ ಅಂದರೆ ಪೇಟೆಯವರು ಮೀನಿನ ಕೈಯವರು ಬಾವಿ ಮುಟ್ಟಬಾರದು ಅಂದರು. ಮೀನು ಬೇಕಿತ್ತು ಅವರಿಗೆ. ಕೈ ಬೇಡವಾಗಿತ್ತು. ಒಂದು ಬೇಸಿಗೆ ಪೂರ್ತಿ ನಮ್ಮ ಹೆಂಗಸರು ಕೊಡ ಹಿಡಿದು ದೂರ ನಿಂತು, ಯಾರಾದರೂ ಎತ್ತಿ ಸುರಿಯಲಿ ಅಂತ ಕಾದರು. ಕೊನೆಗೊಂದು ದಿನ ಗೊಣಗಜ್ಜಿ, ಆಗ ಇನ್ನೂ ಹೊಸ ಮದುವಣಗಿತ್ತಿ, ಕೊಡ ಕೆಳಗಿಟ್ಟು ಅಂದಳಂತೆ: "ನಾನಿನ್ನು ಕಾಯಲ್ಲ. ನೀರು ನೆಲದಲ್ಲಿರೋದು, ಇವರಪ್ಪನ ಜೇಬಲ್ಲಲ್ಲ." ಅಲ್ಲಿಂದ ನಡೆದು ಬಂದು ಈ ಮರಳು ಅಗೆದರು. ಮೊಳಕಾಲುದ್ದ ಅಗೆದಾಗಲೇ ಸಿಹಿನೀರು ಸಿಕ್ಕಿತು. ಇಷ್ಟೇ ನಮ್ಮ ಊರು ಹುಟ್ಟಿದ ಕಥೆ. ಇದನ್ನು ಕಚೇರಿಯ ಭಾಷೆಗೆ ತಿರುಗಿಸುವಾಗ ಮೆತ್ತಗೆ ಮಾಡಬೇಡ.

ಆ ಮೊದಲನೇ ದಡ ಈಗ ಇಲ್ಲ. ಸಮುದ್ರ ತಿಂದುಕೊಂಡಿತು. ನಮ್ಮ ಮನೆಗಳು ಹಲಗೆಯವು ಯಾಕೆ ಅಂತ ನೀನು ಚಿಕ್ಕವಳಿದ್ದಾಗ ಕೇಳುತ್ತಿದ್ದೆ. ನೀರು ಹೊಸಿಲಿಗೆ ಬಂದ ವರ್ಷ ಹಲಗೆ ಬಿಚ್ಚಿ, ಯಾವುದು ಯಾವುದಕ್ಕೆ ಕೂಡಬೇಕೋ ಉಳಿಯಿಂದ ಗೀರು ಹಾಕಿ, ಹಿಂದೆ ಹೊತ್ತುಕೊಂಡು ಹೋಗಿ ಮತ್ತೆ ಜೋಡಿಸುತ್ತಿದ್ದೆವು. ಹಾಗೆ ಎರಡು ಸಲ ಆಗಿದೆ. ಈಗಿರುವುದು ಮೂರನೇ ದಡ. ಮನೆ ಅದೇ, ಹಲಗೆ ಅದೇ, ಜನ ಅದೇ. ನೆಲ ಮಾತ್ರ ಬೇರೆ.

ಇಲ್ಲಿ ಹುಟ್ಟಿದ ಅರವತ್ತೊಂದು ಮಕ್ಕಳನ್ನು ಈ ಕೈ ಹಿಡಿದುಕೊಂಡಿದೆ. ಅದನ್ನೂ ಬರೆ. ಜಂಬಕ್ಕಲ್ಲ.

ನಿನ್ನ ಅವ್ವ

•

ಮಾರ್ಚ್ ೧೪

ಅವ್ವ,

ನೀನು ಹೇಳಿದ್ದನ್ನೆಲ್ಲ ಆರು ಹಾಳೆಯಲ್ಲಿ ಬರೆದು ಪೇಟೆಯ ವಿಚಾರಣಾಧಿಕಾರಿಗೆ ಕಳಿಸಿದೆ. ತಾತನ ಹೆಸರಿನಲ್ಲಿ ಕಳಿಸಿದೆ, ನನ್ನ ಹೆಸರಿನಲ್ಲಲ್ಲ. ಉತ್ತರದ ಪ್ರತಿ ಬಂದಿದೆ. ನಾಲ್ಕೇ ಸಾಲು.

ಮೊದಲನೇ ಮತ್ತು ಎರಡನೇ ದಡ ಎಂದು ಅರ್ಜಿದಾರರು ಹೇಳುವ ಜಾಗ ಇಂದಿನ ನಕ್ಷೆಯಲ್ಲಿ ಸಮುದ್ರವಾಗಿದೆಯಂತೆ. ಸಮುದ್ರದಲ್ಲಿ ಜನವಸತಿ ಇತ್ತು ಎಂಬುದನ್ನು ಪರಿಗಣಿಸಲಾಗದಂತೆ. ಈಗಿನ ಮನೆಗಳು ಹದಿನಾರು ವರ್ಷಕ್ಕಿಂತ ಹಳೆಯವಲ್ಲವಂತೆ. ಬೇರೆ ದಾಖಲೆ ಇದ್ದರೆ ತರಬಹುದಂತೆ.

ಬೇಜಾರು ಮಾಡಿಕೊಳ್ಳಬೇಡ. ಒಂದು ದಾರಿ ಇದೆ. ನೆಲ ಹೋಗಿದೆ, ಮನೆ ಸರಿದಿದೆ, ಆದರೆ ಹುಟ್ಟಿದವರು ಹುಟ್ಟಿದ್ದಾರಲ್ಲ. ಪೇಟೆಯ ಜನನ ನೋಂದಣಿ ಕಚೇರಿಗೆ ಹೋಗು. ಮೂವತ್ತು ವರ್ಷಕ್ಕಿಂತ ಹಿಂದೆ ದಡದಲ್ಲಿ ಹುಟ್ಟಿದ ಒಂದೇ ಒಂದು ಮಗುವಿನ ದಾಖಲೆ ಸಿಕ್ಕರೂ ಸಾಕು, ನಕ್ಷೆ ಏನೇ ಹೇಳಲಿ. ಪ್ರತಿ ಮಗುವನ್ನೂ ಹತ್ತು ದಿನದೊಳಗೆ ನೀನೇ ಹೋಗಿ ಬರೆಸುತ್ತಿದ್ದೆಯಲ್ಲ. ನನ್ನ ಕಾಗದದಲ್ಲಿ ಪೇಟೆಯ ವಿಳಾಸವಿದೆ, ಉಳಿದವರದೆಲ್ಲ ಹಾಗಿರಲಿಕ್ಕಿಲ್ಲ.

ನಿನ್ನ ಮಗಳು

•

ಏಪ್ರಿಲ್ ೨

ಮಗಳೇ,

ಮಂಗಳವಾರ ಹೋಗಿದ್ದೆ. ನಾಲ್ಕು ದಿನ ಪೆನ್ನು ಹಿಡಿಯಲಾಗಲಿಲ್ಲ.

ನಿನ್ನ ಪತ್ರ ಬಂದ ದಿನ ಎಲ್ಲರಿಗೂ ಓದಿ ಹೇಳಿದ್ದೆ. "ಆಯ್ತಲ್ಲ, ನಮ್ ಸೂಲಗಿತ್ತಿ ಕೈಯಲ್ಲೇ ಇದೆ ಊರು" ಅಂತ ತಾತ ಎದ್ದು ಕುಣಿದ. ನಾನೂ ನಕ್ಕೆ. ಆಮೇಲೆ, ಆ ನೋಂದಣಿಯಲ್ಲಿ ನಾನು ಏನು ಬರೆಸುತ್ತಿದ್ದೆ ಅಂತ ನೆನಪಾಯಿತು. ಆದರೂ ಹೋದೆ. ಎಲ್ಲೋ ಒಂದರಲ್ಲಾದರೂ ಸರಿಯಾಗಿ ಬಿದ್ದಿರಬಹುದು ಅಂತ.

ಕಚೇರಿಯಲ್ಲಿ ಕನ್ನಡಕದ ಹೆಂಗಸೊಬ್ಬಳಿದ್ದಾಳೆ. ಹಳೇ ಪುಸ್ತಕ ತೆಗೆದು ಬೆರಳಿಟ್ಟು ಓದುತ್ತಾ ಹೋದಳು. ಹುಟ್ಟಿದ ಸ್ಥಳ: ಪೇಟೆ, ಮೀನು ಮಾರುಕಟ್ಟೆ ಬೀದಿ, ಏಳನೇ ನಂಬರು. ಇನ್ನೊಂದು. ಏಳನೇ ನಂಬರು. ಇನ್ನೊಂದು. ಏಳನೇ ನಂಬರು. ಅವಳು ನಗುವುದಕ್ಕೆ ಶುರು ಮಾಡಿದಳು.

"ಅಮ್ಮಾ, ಈ ಏಳನೇ ನಂಬರಲ್ಲಿ ಮೂವತ್ತೊಂದು ವರ್ಷದಲ್ಲಿ ಅರವತ್ತೊಂದು ಹೆರಿಗೆ ಆಗಿದೆ! ಅದೇನು ಮನೆನಾ, ಆಸ್ಪತ್ರೆನಾ?"

"ಮೀನು ತೂಕ ಮಾಡೋ ಶೆಡ್ಡು," ಅಂದೆ.

ಅವಳು ನಗು ನಿಲ್ಲಿಸಿದಳು.

ಯಾಕೆ ಹಾಗೆ ಮಾಡಿದೆ ಅಂತ ನೀನು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಮೊದಲ ಸಲ ಹೋದಾಗ "ದಡ" ಅಂದೆ. ಆಗಿದ್ದ ಗುಮಾಸ್ತ ಪಟ್ಟಿ ನೋಡಿ, "ಇಂಥ ಊರಿಲ್ಲ. ಇಲ್ಲದ ಊರಲ್ಲಿ ಮಗು ಹೇಗೆ ಹುಟ್ಟತ್ತೆ? ಸರಿಯಾದ ವಿಳಾಸ ತಂದ್ರೆ ಬರೀತೀನಿ, ಇಲ್ದಿದ್ರೆ ನಡಿ" ಅಂದ. ಮಗುವಿಗೆ ಕಾಗದವಿಲ್ಲದಿದ್ದರೆ ಸೂಜಿ ಮದ್ದಿಲ್ಲ, ಶಾಲೆಯಿಲ್ಲ. ಕಿಟಕಿಯ ಆಚೆ ತೂಕದ ಶೆಡ್ಡು ಕಂಡಿತು. ಅದರ ಮೇಲೆ ಏಳು ಅಂತ ಬರೆದಿತ್ತು. ಅದನ್ನೇ ಹೇಳಿದೆ. ಬರೆದುಕೊಂಡ. ಆಮೇಲೆ ಅದೇ ರೂಢಿಯಾಯಿತು. ಬುದ್ಧಿವಂತೆ ಅಂತ ನನ್ನನ್ನು ಎಲ್ಲರೂ ಹೊಗಳಿದರು ಕಣೇ. ಪ್ರತಿ ಮಗುವಿಗೂ ಒಂದು ವಿಳಾಸ ಕೊಡಿಸಿದೆ ಅಂತ ನಾನೂ ಎದೆ ಉಬ್ಬಿಸಿಕೊಂಡು ತಿರುಗಿದೆ. ಅರವತ್ತೊಂದು ಸಲ ಹೋಗಿ, ಅರವತ್ತೊಂದು ಸಲ ನನ್ನ ಊರನ್ನು ನಾನೇ ಅಳಿಸಿ ಬಂದೆ.

ಆ ಕನ್ನಡಕದ ಹೆಂಗಸು ಒಂದು ಮಾತು ಹೇಳಿದಳು. ದಾಖಲೆ ತಿದ್ದಬಹುದಂತೆ. ಆದರೆ ನಾನು ಹೇಳಿದರೆ ಸಾಲದು, ಒಮ್ಮೆ ಸುಳ್ಳು ಹೇಳಿದವಳು ನಾನು. ಹುಟ್ಟಿದವರೇ ಅಧಿಕಾರಿಯ ಮುಂದೆ ಬಂದು, "ನನ್ನ ಕಾಗದ ತಪ್ಪು, ನಾನು ಹುಟ್ಟಿದ್ದು ದಡದಲ್ಲಿ" ಅಂತ ಬರೆದುಕೊಡಬೇಕು. ಮೂವತ್ತು ದಾಟಿದವರೇ ಆಗಬೇಕು.

ನಾನು ಬರೆಸಿದವರಲ್ಲಿ ಮೂವತ್ತು ದಾಟಿದವರು ಮೂರು ಜನ, ಅದಕ್ಕೂ ಮೊದಲು ಹುಟ್ಟಿದವರನ್ನು ಯಾರೂ ಬರೆಸಿಯೇ ಇರಲಿಲ್ಲ. ಒಬ್ಬ ಕಡಲಿಗೆ ಹೋದವನು ತಿರುಗಿ ಬರಲಿಲ್ಲ. ಇನ್ನೊಬ್ಬ ಬಸ್ ಕಂಡಕ್ಟರ್. ಅವನ ಮನೆಗೆ ಹೋಗಿ ಬಂದೆ. "ದೊಡ್ಡಮ್ಮಾ, ನನ್ ಕಾಗದ ಸುಳ್ಳು ಅಂತ ನಾನೇ ಬರೆದುಕೊಟ್ರೆ ನಾಳೆ ಬೆಳಿಗ್ಗೆ ಚೀಲ, ಸೀಟಿ ಎರಡೂ ಕಿತ್ಕೊಳ್ತಾರೆ. ನಿಮ್ ಕಾಲಿಗೆ ಬೀಳ್ತೀನಿ, ನನ್ನ ಕೇಳ್ಬೇಡಿ" ಅಂದ. ನನ್ನ ಕೈಯಿಂದ ಭೂಮಿಗೆ ಬಂದವನು, ನನ್ನ ಕಾಲಿಗೆ ಬೀಳುತ್ತೇನೆ ಅನ್ನುತ್ತಾನೆ. ಎದ್ದು ಬಂದೆ.

ನೀನು ಏನೂ ಮಾಡುವುದು ಬೇಡ. ಬೇರೆ ದಾರಿ ಹುಡುಕುತ್ತೇವೆ.

ನಿನ್ನ ಅವ್ವ

•

ಏಪ್ರಿಲ್ ೨೧

ಅವ್ವ,

ನಿನ್ನ ಪತ್ರ ಸಿಕ್ಕಿತು. ಬಡ್ತಿಯ ಪಟ್ಟಿ ಬಂದಿದೆ, ಅದರಲ್ಲಿ ನನ್ನ ಹೆಸರಿದೆ. ಜುಲೈನಿಂದ ಹೊಸ ಹುದ್ದೆ. ನನಗೆ ಪ್ರತ್ಯೇಕ ಮೇಜು, ಪಕ್ಕದಲ್ಲಿ ಕಿಟಕಿ.

ಪೋಸ್ಟಿನಲ್ಲಿ ಒಂದು ಉಣ್ಣೆಯ ಶಾಲು ಕಳಿಸಿದ್ದೇನೆ.

ನಿನ್ನ ಮಗಳು

•

ಮೇ ೫

ಮಗಳೇ,

ಶಾಲು ಬಂತು. ಈ ಸೆಖೆಯಲ್ಲಿ ಉಣ್ಣೆ ಹೊದ್ದರೆ ಬೇಯುತ್ತೇನೆ ಅಂತ ನಿನಗೆ ಗೊತ್ತಿಲ್ಲದೇ ಇಲ್ಲ. ಏನು ಕಳಿಸಬೇಕು ಅಂತ ತಿಳಿಯದೆ ಕಳಿಸಿದೆ ಅಂತ ಅರ್ಥವಾಯಿತು. ಗೊಣಗಜ್ಜಿಗೆ ಕೊಟ್ಟೆ. ಅವಳಿಗೆ ಯಾವಾಗಲೂ ಚಳಿ.

ಬಡ್ತಿಯ ಸುದ್ದಿ ಎಲ್ಲರಿಗೂ ಹೇಳಿದೆ. ತಾತ ಕಣ್ಣೊರೆಸಿಕೊಂಡ. ಅಜ್ಜಿ ಮಾತ್ರ ಕೇಳಿದಳು, "ಅಷ್ಟು ದೊಡ್ಡ ಕಚೇರೀಲಿ ಕೂತಿದ್ದಾಳೆ, ಒಂದು ಮಾತು ಆಡೋಕಾಗಲ್ವಾ ಅವಳಿಗೆ?" ನಾನು ಅವಳ ಬಾಯಿ ಮುಚ್ಚಿಸಿದೆ. "ನನ್ ಮಗಳು ನನ್ನ ಸುಳ್ಳಿನ ಮೇಲೆ ಮನೆ ಕಟ್ಕೊಂಡಿದ್ದಾಳೆ. ಕಟ್ಟಿಸಿದವಳು ನಾನು. ಕೆಡವು ಅಂತ ಯಾವ ಬಾಯಲ್ಲಿ ಹೇಳ್ಲಿ?" ಅಂದೆ. ಅವಳು ಶಾಲು ಎಳೆದುಕೊಂಡು ಎದ್ದು ಹೋದಳು.

ನಿನ್ನನ್ನು ನಾನು ಕೇಳುತ್ತಿಲ್ಲ. ಇದು ನಿಜ.

ಆದರೆ ನೀನು ಹುಟ್ಟಿದ ದಿನದ ಕಥೆಯನ್ನು ನಿನಗೆ ಯಾವತ್ತೂ ಸರಿಯಾಗಿ ಹೇಳಿಲ್ಲ. ಅದೊಂದನ್ನು ಬರೆಯುತ್ತೇನೆ. ಕೇಳುವುದಕ್ಕಲ್ಲ, ನಿನ್ನದು ನಿನಗೆ ಸೇರಲಿ ಅಂತ.

ಅವತ್ತು ಮೊದಲನೇ ದಡ ಬಿಡುವ ದಿನ. ಬೆಳಿಗ್ಗೆ ನೀರು ಒಲೆಯೊಳಗೆ ಬಂದಿತ್ತು. ನಿನ್ನಪ್ಪ ಹಲಗೆ ಬಿಚ್ಚುತ್ತಿದ್ದ. ನಾನು ಗೀರು ನೋಡಿ ಜೋಡಿಸಿಡುತ್ತಿದ್ದೆ. ಮೂರನೇ ಗೋಡೆ ಬಿಚ್ಚುವಾಗ ನೋವು ಬಂತು. ಹಳೇ ಮನೆ ಅರ್ಧ ಹೋಗಿತ್ತು, ಹೊಸ ಮನೆ ಇನ್ನೂ ನಿಂತಿರಲಿಲ್ಲ. ಎರಡು ಮನೆಯ ನಡುವೆ ಹಲಗೆಗಳನ್ನು ಓರೆಯಾಗಿ ನಿಲ್ಲಿಸಿ ಮರೆ ಮಾಡಿದರು. ನಾನೇ ಸೂಲಗಿತ್ತಿ, ನನಗೆ ಯಾರು? ಗೊಣಗಜ್ಜಿ ಕೂತಳು. "ಹೀಗಲ್ಲ, ಹಾಗಲ್ಲ" ಅಂತ ನಾನು ಹೇಳುತ್ತಿದ್ದೆ, "ಹೆರೋಳು ನೀನು, ಬಾಯಿ ಮುಚ್ಕೊಂಡು ಹೆರು" ಅಂತ ಅವಳು ಬೈಯುತ್ತಿದ್ದಳು. ಮಧ್ಯಾಹ್ನ ನೀನು ಬಂದೆ. ನಿನ್ನನ್ನು ತೊಳೆದದ್ದು ಹೊಸ ಬಾವಿಯ ಮೊದಲ ನೀರಿನಲ್ಲಿ. ಹದಿಮೂರು ಜನ ಸುತ್ತ ನಿಂತಿದ್ದರು, ಎಲ್ಲರ ತಲೆಯ ಮೇಲೂ ಒಂದೊಂದು ಹಲಗೆ.

ಒಂಬತ್ತನೇ ದಿನ ನಿನ್ನನ್ನೆತ್ತಿಕೊಂಡು ನೋಂದಣಿ ಕಚೇರಿಗೆ ಹೋದೆ. ನಾನು ಬರೆಸಿದ ಮೊದಲನೇ ಮಗು ನೀನೇ. ಆ ಗುಮಾಸ್ತ ಇಲ್ಲದ ಊರು ಅಂದದ್ದು ನಿನ್ನನ್ನು ನೋಡಿಕೊಂಡೇ.

ಇಷ್ಟು ದಿನ ಇದು ನನ್ನ ತಪ್ಪು ಅಂತ ಒಳಗೊಳಗೇ ಕೊರಗಿದೆ. ಈಗ ಹಾಗನ್ನಿಸುವುದಿಲ್ಲ. ಕಣ್ಣ ಮುಂದೆ ಹಸಿ ಬಾಣಂತಿ ಮಗು ಹಿಡಿದು ನಿಂತಿದ್ದರೂ ಊರಿಲ್ಲ ಅಂದವನದು ಮೊದಲ ಸುಳ್ಳು. ನನ್ನದು ಎರಡನೆಯದು. ಅವನದು ಕಾನೂನಾಯಿತು, ನನ್ನದು ಅಪರಾಧವಾಯಿತು.

ನಿನ್ನ ಅವ್ವ

•

ಮೇ ೧೬

ಅವ್ವ,

ನಿನ್ನ ಪತ್ರವನ್ನು ಕಚೇರಿಯ ಮೇಜಿನ ಮೇಲಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಯಾರು ಬೇಕಾದರೂ ನೋಡಲಿ.

ನಿನಗೆ ಹೇಳದ ಎರಡು ವಿಷಯಗಳಿವೆ. ಕಚೇರಿಯಲ್ಲಿ ನನ್ನ ಅವ್ವ ಪೇಟೆಯ ಆಸ್ಪತ್ರೆಯಲ್ಲಿ ನರ್ಸ್ ಅಂತ ಹೇಳಿದ್ದೇನೆ. ಅದಕ್ಕೇ ನಾಲ್ಕು ವರ್ಷ ಬರಲಿಲ್ಲ. ಬಂದು ಹೋದರೆ ಮೈಗೆ ಮೀನಿನ ವಾಸನೆ ಅಂಟುತ್ತದೆ, ಯಾರಾದರೂ ಕೇಳುತ್ತಾರೆ ಅಂತ ಹೆದರಿದೆ. ಬರೆಯುವುದಕ್ಕೇ ನಾಚಿಕೆಯಾಗುತ್ತಿದೆ.

ಎರಡನೆಯದು ಇನ್ನೂ ದೊಡ್ಡದು. ನಕ್ಷೆಯಲ್ಲಿ ಬರೀ ಚುಕ್ಕೆ ಇದೆ ಅಂತ ಬರೆದಿದ್ದೆನಲ್ಲ, ಆ ಚುಕ್ಕೆ ಇಟ್ಟವಳು ನಾನೇ. ಎರಡು ವರ್ಷದ ಹಿಂದೆ ಆ ಹಾಳೆ ತಿದ್ದುಪಡಿಗೆ ನನ್ನ ಕೈಗೇ ಬಂತು. ಅಳತೆಯವರು ಕಳಿಸಿದ ಟಿಪ್ಪಣಿಯಲ್ಲಿ ಮರಳು ಎಂದಿತ್ತು. ಅಲ್ಲ, ಅಲ್ಲಿ ಹದಿನಾಲ್ಕು ಮನೆ ಇವೆ ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು. ನಿನಗೆ ಹೇಗೆ ಗೊತ್ತು ಅಂತ ಕೇಳುತ್ತಿದ್ದರು. ಅದಕ್ಕೆ ಸುಮ್ಮನಿದ್ದೆ. ಸಣ್ಣ ನಿಬ್ಬಿನಲ್ಲಿ ಒಂದೊಂದೇ ಚುಕ್ಕೆ ಇಟ್ಟೆ, ಬಾವಿಯ ಮೇಲೆ, ನಮ್ಮ ಮನೆಯ ಮೇಲೆ. ಆ ಹಾಳೆ ಚೆನ್ನಾಗಿ ಬಂದಿದೆ ಅಂತ ಮೆಚ್ಚಿಕೊಂಡರು. ಬಡ್ತಿಯ ಪಟ್ಟಿಗೆ ಹೆಸರು ಹೋದದ್ದೂ ಅದರಿಂದಲೇ.

ನೀನು ತಿಳಿಯದೆ ಅಳಿಸಿದೆ. ನಾನು ತಿಳಿದೂ ಅಳಿಸಿದೆ.

ನಿನ್ನೆ ಮುಖ್ಯ ನಕ್ಷೆಗಾರರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಕೆಟ್ಟವರಲ್ಲ. ಬಾಗಿಲು ಹಾಕಿ ಬಂದು ಕೂತರು. "ನೋಡಮ್ಮ, ಇದನ್ನ ನಾನು ಕೇಳಿಸ್ಕೊಂಡಿಲ್ಲ. ಇಂಥ ಊರುಗಳು ಸಾವಿರ ಇರ್ತವೆ. ಒಂದು ಹೋಯ್ತು ಅಂತ ನೀನ್ಯಾಕೆ ಹಾಳಾಗ್ತೀಯ? ಜುಲೈ ತನಕ ಬಾಯಿ ಬಿಗಿ ಹಿಡ್ಕೋ" ಅಂದರು.

"ಸಾರ್, ಹಾಳಾಗಿದ್ದು ಜುಲೈಗಲ್ಲ. ಎರಡು ವರ್ಷದ ಹಿಂದೇನೇ ಹಾಳಾಗಿದ್ದೀನಿ," ಅಂದೆ.

ಇಪ್ಪತ್ತೆಂಟಕ್ಕೆ ಬರುತ್ತೇನೆ. ಬೆಳಗಿನ ಬಸ್ಸಿಗೆ.

ನಿನ್ನ ದಡದ ಮಗಳು

•

ಮೇ ೨೯

ಅವ್ವ,

ನಿನ್ನೆ ಕಚೇರಿಯ ಮೆಟ್ಟಿಲಿನಲ್ಲಿ ನಿನ್ನ ಜೊತೆ ನಾಲ್ಕು ಮಾತೂ ಆಡಲಾಗಲಿಲ್ಲ. ಕೂಡಲೇ ಬಸ್ಸು ಹತ್ತಿ ಬಂದು ಇವತ್ತು ಕೆಲಸಕ್ಕೆ ಹಾಜರಾಗದಿದ್ದರೆ ಅದೂ ಒಂದು ಅಪರಾಧ ಸೇರಿಸುತ್ತಿದ್ದರು. ಸಾಕ್ಷಿಯನ್ನು ಬಿಟ್ಟು ಬೇರೆ ಯಾರನ್ನೂ ಒಳಗೆ ಬಿಡಲಿಲ್ಲವಲ್ಲ, ಅದಕ್ಕೆ ಒಳಗೆ ನಡೆದದ್ದನ್ನು ಬರೆಯುತ್ತಿದ್ದೇನೆ.

ಚಿಕ್ಕ ಕೋಣೆ. ಫ್ಯಾನಿನ ಗಾಳಿಗೆ ಕಾಗದ ಹಾರದಿರಲಿ ಅಂತ ಎಲ್ಲದರ ಮೇಲೂ ಒಂದೊಂದು ಕಲ್ಲು. ವಿಚಾರಣಾಧಿಕಾರಿ ನನ್ನ ಹೇಳಿಕೆಯನ್ನು ಎರಡು ಸಲ ಓದಿದರು. ಕನ್ನಡಕದ ಹೆಂಗಸು ನೋಂದಣಿಯ ಪುಸ್ತಕವನ್ನು ತಾನೇ ಹೊತ್ತು ತಂದಿದ್ದಳು. ತೂಕದ ಶೆಡ್ಡಿನ ಅಳತೆಯನ್ನೂ ಕೇಳದೆಯೇ ಬರೆದು ತಂದಿದ್ದಳು. ಎಂಟಡಿಗೆ ಆರಡಿ, ಬಾಗಿಲಿಲ್ಲ.

"ನೀವು ದಡದಲ್ಲಿ ಹುಟ್ಟಿದ್ದು ನಿಜ ಅಂತ ನಾನು ಬರೆದುಕೊಂಡರೆ, ಸುಳ್ಳು ದಾಖಲೆ ಕೊಟ್ಟು ನೌಕರಿಗೆ ಸೇರಿದ್ದೂ ನಿಜ ಅಂತ ಆಗತ್ತೆ. ಇದೇ ಕಾಗದ ನಿಮ್ಮ ಇಲಾಖೆಗೂ ಹೋಗತ್ತೆ. ಗೊತ್ತಾ?" ಅಂದರು.

"ಗೊತ್ತು."

"ವಾಪಸ್ ತಗೊಳ್ಳೋದಿದ್ರೆ ಈಗಲೇ ತಗೊಳ್ಳಿ. ನಾನು ಐದು ನಿಮಿಷ ಹೊರಗೆ ಹೋಗಿ ಬರ್ತೀನಿ."

ಹೋದರು. ಹೇಳಿಕೆ ಮೇಜಿನ ಮೇಲಿತ್ತು. ಕಿಟಕಿಯಲ್ಲಿ ನೀವೆಲ್ಲ ಕಾಣುತ್ತಿದ್ದಿರಿ. ಗೊಣಗಜ್ಜಿ ಆ ಬಿಸಿಲಿನಲ್ಲೂ ಶಾಲು ಹೊದ್ದು ಯಾರಿಗೋ ಬೈಯುತ್ತಿದ್ದಳು. ನೀನು ಮಾತ್ರ ಈ ಕಡೆ ನೋಡದೆ ಬೆನ್ನು ತಿರುಗಿಸಿ ನಿಂತಿದ್ದೆ. ನೋಡಿದರೆ ಕೇಳಿದ ಹಾಗಾಗುತ್ತದೆ ಅಂತ ಅಲ್ಲವೇ?

ಅವರು ಬಂದರು. "ಏನು ಮಾಡ್ಲಿ?" ಅಂದರು. "ಬರ್ಕೊಳ್ಳಿ" ಅಂದೆ.

ಇವತ್ತು ಮಧ್ಯಾಹ್ನ ನನ್ನನ್ನು ಅಮಾನತು ಮಾಡಿದ್ದಾರೆ. ಜೂನ್ ಹದಿನೇಳಕ್ಕೆ ನನ್ನ ಮೇಲಿನ ವಿಚಾರಣೆ. ಒಬ್ಬಳೇ ಎದುರಿಸುತ್ತೇನೆ, ನೀನು ಗಾಬರಿಯಾಗಬೇಡ.

ನಿನ್ನ ಮಗಳು

•

ಜೂನ್ ೧೧

ಮಗಳೇ,

ಆದೇಶ ಬಂತು. ಕನ್ನಡಕದ ಹೆಂಗಸು ಇಲ್ಲಿಗೇ ನಡೆದು ಬಂದು ಓದಿ ಹೇಳಿದಳು. ಮೂವತ್ತೊಂದು ವರ್ಷದಿಂದ ಜನವಸತಿ ಇರುವುದು ಸಾಬೀತಾಗಿದೆ, ತೆರವು ಕೈಬಿಡಲಾಗಿದೆ, ಹೊಸದಾಗಿ ಅಳತೆ ಮಾಡಿ ನಕ್ಷೆ ತಿದ್ದಬೇಕು ಅಂತ ಇದೆ. "ಮೂವತ್ತೊಂದು ಯಾಕೆ, ಐವತ್ತೆರಡು ಅಂತ ಬರೀಬೇಕಿತ್ತು" ಅಂತ ಗೊಣಗಜ್ಜಿ ಅವಳನ್ನೂ ಬೈದಳು. ಗೂಟಗಳನ್ನು ಇಲಾಖೆಯವರು ಬಂದು ಕೀಳುವವರೆಗೆ ಯಾರು ಕಾಯುತ್ತಾರೆ? ಸಂಜೆಯೊಳಗೆ ಎಲ್ಲ ಕಿತ್ತು ರಾಶಿ ಹಾಕಿದೆವು.

ನೀನು ಬಸ್ಸು ಹತ್ತಿದ ಮೇಲೆ ಅವತ್ತು ನಡೆದದ್ದು ನಿನಗೆ ಗೊತ್ತಿಲ್ಲ. ಕಂಡಕ್ಟರ್ ಬೆಳಗಿನಿಂದ ಗೇಟಿನ ಹೊರಗೇ ಯೂನಿಫಾರ್ಮಿನಲ್ಲಿ ನಿಂತಿದ್ದ. ನೀನು ಹೋದದ್ದನ್ನು ನೋಡಿ, ಟೋಪಿ ಕಂಕುಳಲ್ಲಿ ಇಟ್ಟುಕೊಂಡು, ಯಾರ ಮುಖವನ್ನೂ ನೋಡದೆ ಒಳಗೆ ಹೋದ. ಆಮೇಲೆ ಮೂವತ್ತು ತುಂಬದವರೂ ಹೋದರು. ನಿಮ್ಮ ಹೇಳಿಕೆ ಬೇಕಾಗಿಲ್ಲ ಅಂತ ಅಧಿಕಾರಿ ಹೇಳಿದರೂ ಹೊರಡಲಿಲ್ಲ. ಹತ್ತೊಂಬತ್ತು ಜನ ಸಹಿ ಮಾಡಿದರು.

ಈಗ ನಿನ್ನ ವಿಷಯ. ಒಬ್ಬಳೇ ಎದುರಿಸುತ್ತೇನೆ ಅಂತ ಬರೆದಿದ್ದೀಯ. ಆ ಮಾತನ್ನು ನೀನು ಎಲ್ಲಿ ಕಲಿತೆಯೋ, ಇಲ್ಲಂತೂ ಯಾರೂ ನಿನಗೆ ಕಲಿಸಿಲ್ಲ. ನೀನು ಹುಟ್ಟಿದ್ದೂ ಒಬ್ಬಳೇ ಅಲ್ಲ.

ಚುಕ್ಕೆಯ ವಿಷಯವನ್ನು ನಾನು ಯಾರಿಗೂ ಹೇಳಿಲ್ಲ. ಕ್ಷಮಿಸಿದ್ದೇನೆ ಅಂತಲೂ ಬರೆಯುವುದಿಲ್ಲ. ಅದು ಹದಿನಾಲ್ಕು ಮನೆಗೆ ಸೇರಿದ್ದು, ನಾನೊಬ್ಬಳು ಕೊಡುವಂಥದ್ದಲ್ಲ. ನೀನೇ ಬಂದು ಬಾವಿಯ ಹತ್ತಿರ ನಿಂತು ಹೇಳು. ಬೈಯುತ್ತಾರೆ. ಬೈಸಿಕೋ. ಆಮೇಲೆ ಕೂರಿಸಿ ಊಟ ಹಾಕುತ್ತಾರೆ.

ಆದರೆ ಹುಟ್ಟಿದ ಜಾಗದ ಸುಳ್ಳಿಗೆ ನಿನ್ನನ್ನು ನಿಲ್ಲಿಸಿ ಕೇಳುವ ಹಕ್ಕು ಆ ಕಚೇರಿಗಿಲ್ಲ. ಒಂಬತ್ತು ದಿನದ ಕೂಸು ಅರ್ಜಿ ತುಂಬಲಿಲ್ಲ. ತುಂಬಿಸಿದವಳು ನಾನು. ತುಂಬುವಂತೆ ಮಾಡಿದವರು ಅವರು. ಕೇಳುವುದಾದರೆ ನನ್ನನ್ನು ಕೇಳಲಿ. ನನಗೂ ಅವರನ್ನು ಕೇಳುವುದಿದೆ.

ಹದಿನಾರರ ಬೆಳಿಗ್ಗೆ ಹೊರಡುತ್ತೇವೆ. ದೋಣಿಗೆ ಮಳೆಗಾಲದ ರಜೆ, ಎಲ್ಲರೂ ಬಿಡುವಾಗಿದ್ದಾರೆ. ನಾನು, ತಾತ, ಅಜ್ಜಿ, ಸಹಿ ಹಾಕಿದ ಹತ್ತೊಂಬತ್ತು ಜನ, ಅವರಲ್ಲಿ ಆರು ಜನಕ್ಕೆ ಕಂಕುಳಲ್ಲಿ ಕೂಸು. ಬಾಗಿಲು ತೆರೆಯುವವರೆಗೆ ನಿನ್ನ ಕಚೇರಿಯ ಮೆಟ್ಟಿಲ ಮೇಲೆ ಕೂರುತ್ತೇವೆ. ಮೈಯಲ್ಲಿ ಮೀನಿನ ವಾಸನೆ ಇರುತ್ತದೆ. ನಿನ್ನ ಜೊತೆಯವರಿಗೆ ಮೊದಲೇ ಹೇಳಿಡು, ನಿನ್ನ ಅವ್ವ ನರ್ಸ್ ಅಲ್ಲ, ಸೂಲಗಿತ್ತಿ ಅಂತ.

ಬಸ್ ನಿಲ್ದಾಣದಿಂದ ಕಚೇರಿಗೆ ಹೇಗೆ ಬರಬೇಕು ಅಂತ ಒಂದು ನಕ್ಷೆ ಬರೆದು ಕಳಿಸು.

ನಿನ್ನ ಅವ್ವ